ಹತ್ತೊಂಬತ್ತು ಹುಳ, ಸಾವಿರದ ಎಂಟು ಬಿಲ್ವ

ನಮ್ಮ ಮನೆಯ ಬಿಲ್ವದ ಮರದಲ್ಲಿ ಹುಳ ಇದೆ ಎಂದು ಊರಿಗೆ ತಿಳಿಸಿದವಳು ನಾನೇ. ಬೇರೆ ಯಾರ ಮೇಲೂ ತಪ್ಪು ಹೊರಿಸುವ ಹಾಗಿಲ್ಲ. ಖುಷಿಯಲ್ಲಿ ಬಾಯಿ ಬಿಟ್ಟೆ.

ಬೆಳಿಗ್ಗೆ ಎಸ್ಟೇಟಿಗೆ ಹೋಗುವ ದಾರಿಯಲ್ಲಿ ಲಿಂಗಿ ನಮ್ಮ ಬೇಲಿಯ ಹತ್ತಿರ ನಿಂತು ಎಲೆಅಡಿಕೆ ಕೇಳುವುದು ವಾಡಿಕೆ. ಆ ಬುಧವಾರ ಎಲೆಅಡಿಕೆ ಕೊಟ್ಟವಳೇ ಅವಳ ಕೈ ಹಿಡಿದು ಮರದ ಬುಡಕ್ಕೆ ಎಳೆದುಕೊಂಡು ಹೋದೆ.

"ನೋಡು ಲಿಂಗಿ. ಹತ್ತೊಂಬತ್ತು ಉಂಟು. ನಿನ್ನೆ ಎಣಿಸಿದೆ."

ಲಿಂಗಿ ಬಗ್ಗಿ ನೋಡಿದಳು. "ಇದು ಹಕ್ಕಿ ಹಿಕ್ಕೆ ಅಲ್ವಾ ಅಮ್ಮಾ."

"ಹಕ್ಕಿ ಹಿಕ್ಕೆ ನಡೀತದಾ? ಸರಿಯಾಗಿ ನೋಡು."

ಹಿಕ್ಕೆ ನಡೆಯಿತು. ಲಿಂಗಿ ಎರಡು ಹೆಜ್ಜೆ ಹಿಂದೆ ಸರಿದು, ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸಿ, "ನಿಮಗೆ ಬೇರೆ ಕೆಲಸ ಇಲ್ಲ" ಎಂದಳು. ಹಾಗೆ ಹೇಳಿದವಳು ಹೋಗಲಿಲ್ಲ. ಕಾಲು ಗಂಟೆ ಅಲ್ಲೇ ನಿಂತಳು. ಅದಕ್ಕೇ ಎಸ್ಟೇಟಿನಲ್ಲಿ ತಡವಾಯಿತು. ಹಾಜರಿ ಬರೆಯುವ ರೈಟರು ಯಾಕೆ ತಡ ಎಂದು ಕೇಳಿದಾಗ, ಪಾಪ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ರೈಟರು ಎಸ್ಟೇಟಿನ ಯಜಮಾನರಾದ ಪೊನ್ನಪ್ಪನವರಿಗೆ ಹೇಳಿದರು. ಪೊನ್ನಪ್ಪನವರು ಬರೀ ಎಸ್ಟೇಟಿನ ಯಜಮಾನರಲ್ಲ, ನಮ್ಮ ಊರ ಈಶ್ವರ ದೇವಸ್ಥಾನದ ತಕ್ಕರು. ದೇವರ ಕೆಲಸದಲ್ಲಿ ಅವರ ಮನೆತನದ ಮಾತೇ ಮೊದಲು, ಕಮಿಟಿಯ ಮಾತು ಆಮೇಲೆ. ನನ್ನ ಗಂಡ ವೆಂಕಟಕೃಷ್ಣ ಭಟ್ಟರು ಅದೇ ದೇವಸ್ಥಾನದ ಅರ್ಚಕರು. ನಾವಿರುವ ಮನೆ ದೇವಸ್ಥಾನದ್ದು.

ಇಷ್ಟು ಹೇಳಿದರೆ ಮುಂದೆ ಏನಾಯಿತು ಎನ್ನುವುದನ್ನು ಅರ್ಧ ಹೇಳಿದ ಹಾಗೆ. ಆದರೂ ಪೂರ್ತಿ ಹೇಳುತ್ತೇನೆ, ಯಾಕೆಂದರೆ ಅಮ್ಮತ್ತಿ ಸಂತೆಯಲ್ಲಿ ಈಗ ಈ ಕತೆ ಬೇರೆಯೇ ರೂಪದಲ್ಲಿ ಓಡಾಡುತ್ತಿದೆ. ಭಟ್ಟರ ಹೆಂಡತಿ ತಕ್ಕರಿಗೆ ವಿಷ ಕುಡಿಸಲು ಹೋದಳಂತೆ. ಹಾಗೇನೂ ಆಗಲಿಲ್ಲ. ಬಹಳ ದೂರವೂ ಇರಲಿಲ್ಲ, ಅದು ಬೇರೆ ಮಾತು.

ನಾನು ಓದಿದ್ದು ಎಸ್‌ಎಸ್‌ಎಲ್‌ಸಿ. ವಿಜ್ಞಾನದಲ್ಲಿ ಮೂವತ್ತೆಂಟು ಅಂಕ. ಹುಳಗಳ ಬಗ್ಗೆ ನನಗೆ ಏನು ಗೊತ್ತೋ ಅದೆಲ್ಲ ನೋಡಿ ಗೊತ್ತಾದದ್ದು. ಮಾವನವರು ಪಂಚಾಂಗ ಓದಲು ಇಟ್ಟುಕೊಂಡಿದ್ದ ಭೂತಗನ್ನಡಿ ಅವರ ಕಾಲದ ನಂತರ ಪೆಟ್ಟಿಗೆಯಲ್ಲಿ ಬಿದ್ದಿತ್ತು. ಒಂದು ದಿನ ಅದನ್ನು ತೆಗೆದು ಗೋಡೆಯ ಮೇಲೆ ಸಾಲಾಗಿ ಹೋಗುತ್ತಿದ್ದ ಇರುವೆಯ ಮೇಲೆ ಹಿಡಿದೆ. ಆವತ್ತು ಮಧ್ಯಾಹ್ನದ ಸಾರು ಸೀದು ಹೋಯಿತು. ಅಂದಿನಿಂದ ಕಿಟಕಿಯ ಮೂಲೆಯಲ್ಲಿ ಮಣ್ಣಿನ ಮಡಕೆ ಕಟ್ಟುವ ಕಣಜ, ತುಳಸಿಕಟ್ಟೆಯ ಹಿಂದೆ ಧೂಳಿನಲ್ಲಿ ಗುಂಡಿ ತೋಡಿ ಇರುವೆಗೆ ಕಾದು ಕೂರುವ ಗುಬ್ಬಿಹುಳ, ಬಚ್ಚಲ ಗೋಡೆಯ ಮೇಲಿನ ಪತಂಗ, ಎಲ್ಲರ ಮನೆವಾರ್ತೆಯೂ ನನಗೆ ಬೇಕು. ಹಳೆಯ ಪಂಚಾಂಗದ ಅಂಚಿನಲ್ಲಿ ಬರೆದಿಡುತ್ತೇನೆ. ಇಂಥ ತಿಥಿ, ಕಣಜ ಹಸಿರು ಹುಳ ತಂದಿತು, ಮೂರು. ಇಂಥ ತಿಥಿ, ಮಡಕೆಯ ಬಾಯಿ ಮುಚ್ಚಿತು.

ಬಿಲ್ವದ ಮರ ನಾನೇ ನೆಟ್ಟದ್ದು. ದೇವಸ್ಥಾನದ ಅಂಗಳದಲ್ಲಿದ್ದ ಹಳೆಯ ಮರ ಒಂದು ಮಳೆಗಾಲ ಬೇರುಸಮೇತ ಮಗುಚಿ ಬಿದ್ದಾಗ ಎಲ್ಲರೂ ಅಯ್ಯೋ ಎಂದರು, ಸಭೆ ಸೇರಿದರು, ಸಭೆ ಮುಗಿಸಿ ಕಾಫಿ ಕುಡಿದರು. ಗಿಡ ನೆಡುವುದು ಯಾರಿಗೂ ನೆನಪಾಗಲಿಲ್ಲ. ಮನೆಯ ಪಕ್ಕ ನಾನು ನೆಟ್ಟ ಸಸಿ ಈಗ ಎರಡಾಳು ಎತ್ತರ. ಊರಿನಲ್ಲಿ ಇರುವುದು ಅದೊಂದೇ ಬಿಲ್ವ.

ಕಾರ್ತಿಕದ ಕೊನೆಯ ಸೋಮವಾರ ನಮ್ಮಲ್ಲಿ ಸಾವಿರದ ಎಂಟು ಬಿಲ್ವದ ಅರ್ಚನೆ. ಎಲೆ ಊರಿನ ಗಡಿಯ ಒಳಗೇ ಬೆಳೆದದ್ದಾಗಿರಬೇಕು ಎನ್ನುವುದು ಇಲ್ಲಿನ ಕಟ್ಟು. ಮೈಸೂರಿನಿಂದ ಮೂಟೆಯಲ್ಲಿ ತಂದದ್ದು ಆಗದು. ಮೂರು ದಳವೂ ಪೂರ್ತಿ ಇರಬೇಕು, ಹರಿದಿರಬಾರದು, ಹುಳ ತಿಂದಿರಬಾರದು. ಹುಳಕ್ಕೆ ಈ ಕಟ್ಟು ಗೊತ್ತಿಲ್ಲ. ಅದಕ್ಕೂ ಬೇಕಾದದ್ದು ಅದೇ ಎಳೆಯ ಎಲೆ.

ದೀಪಾವಳಿ ಕಳೆದ ಮೂರನೆಯ ದಿನ ಕಪ್ಪು-ಹಳದಿ ಚುಕ್ಕೆಯ ಚಿಟ್ಟೆ ಬಂದು ಚಿಗುರಿನ ಮೇಲೆ ಹಾರಾಡಿತು. ಎಲೆಯ ಮೇಲೆ ಕೂರುವುದು, ಹೊಟ್ಟೆ ಬಗ್ಗಿಸುವುದು, ಏಳುವುದು. ಅದು ಹೋದ ಮೇಲೆ ನೋಡಿದರೆ ಒಂದೊಂದು ಎಲೆಗೆ ಒಂದೊಂದು ಮೊಟ್ಟೆ, ಸಾಸಿವೆಗಿಂತ ಸಣ್ಣದು, ತಿಳಿಹಳದಿ. ಮುಂದಿನ ವಾರವೂ ಬಂದು ಇಟ್ಟಿತು, ಎಲ್ಲ ಸೇರಿ ನಲವತ್ತೊಂದು. ಮೊದಲು ಇರುವೆ ಬಂತು, ಮೊಟ್ಟೆ ಒಡೆದು ಹುಳ ಹೊರಬಿದ್ದ ಮೇಲೆ ಪಿಕಳಾರ ಹಕ್ಕಿ ಬಂತು, ಒಂದು ನೊಣದಷ್ಟು ಸಣ್ಣ ಕಣಜ ಬಂದು ಹುಳದ ಬೆನ್ನಿಗೇ ಚುಚ್ಚಿ ತನ್ನ ಮೊಟ್ಟೆ ಇಟ್ಟು ಹೋಯಿತು. ನಲವತ್ತೊಂದರಲ್ಲಿ ಹತ್ತೊಂಬತ್ತು ಉಳಿದವು. ಅಂದರೆ ಔಷಧಿ ಹೊಡೆಯುವವರು ಮೊದಲೇ ಮೂರು ಜನ ಬಂದುಹೋಗಿದ್ದರು.

ನಾಲ್ಕನೆಯವರಾಗಿ ಪೊನ್ನಪ್ಪನವರು ಗುರುವಾರ ಬೆಳಿಗ್ಗೆ ಬಂದರು. ಜಗಲಿಯಲ್ಲಿ ಕೂತು ಕಾಫಿ ತೆಗೆದುಕೊಂಡರು. ಅರ್ಧ ಲೋಟ ಮುಗಿಯುವವರೆಗೆ ಮೆಣಸಿನ ಬಳ್ಳಿಯ ವಿಷಯ ಮಾತಾಡಿದರು.

"ಭಟ್ರಮ್ಮ, ಮರಕ್ಕೆ ಹುಳ ಬಿದ್ದದೆ ಅಂತ ಕೇಳಿದೆ."

"ಬಿದ್ದದ್ದಲ್ಲ ತಕ್ಕರೇ. ಚಿಟ್ಟೆ ಬಂದು ಮೊಟ್ಟೆ ಇಟ್ಟು ಹೋದದ್ದು. ನಾನು ನೋಡ್ತಾ ಇದ್ದೆ."

"ನೋಡ್ತಾ ಇದ್ರಿ. ಓಡಿಸ್ಲಿಲ್ಲ."

"ಇಲ್ಲ."

ಅವರು ನಮ್ಮವರ ಮುಖ ನೋಡಿದರು. ನಮ್ಮವರು ತಮ್ಮ ಕಾಫಿಲೋಟದ ತಳ ನೋಡಿದರು.

"ಶನಿವಾರ ನಮ್ಮ ಕರಿಬಸಪ್ಪ ಬರ್ತಾನೆ. ಒಂದೇ ಕ್ಯಾನ್, ಹತ್ತು ನಿಮಿಷದ ಕೆಲಸ. ನೀವು ಕಿಟಕಿ ಬಾಗಿಲು ಹಾಕ್ಕೊಂಡು ಒಳಗಿದ್ರೆ ಸಾಕು."

"ಬೇಡ ತಕ್ಕರೇ."

"ಬೇಡ ಅಂದ್ರೆ ಎಂತ? ಸೋಮವಾರ ಅರ್ಚನೆ. ನಮ್ಮ ಅಪ್ಪ ಇರುವಷ್ಟು ವರ್ಷ ಸಾವಿರದ ಎಂಟರಲ್ಲಿ ಒಂದು ಎಲೆ ಕಡಿಮೆ ಆಗ್ಲಿಲ್ಲ. ಅವರು ಹೋಗಿ ಇದು ಮೊದಲ್ನೇ ಕಾರ್ತಿಕ. ನಾನು ಕೂತ ವರ್ಷವೇ ಹುಳ ತಿಂತು ಅಂತ ಹೇಳಿಸ್ಕೊಳ್ಬೇಕಾ?"

ಅವರ ಮಾತಿನಲ್ಲಿ ನ್ಯಾಯ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಹೊಸದಾಗಿ ದೊಡ್ಡವರ ಜಾಗದಲ್ಲಿ ಕೂತವರ ಬೆನ್ನು ಹೇಗೆ ಸೆಟೆದಿರುತ್ತದೆ ಎಂದು ಮದುವೆಯಾಗಿ ಬಂದ ಹೆಣ್ಣಿಗೆ ಗೊತ್ತಿರುತ್ತದೆ. ಆದರೂ ನನ್ನ ಬಾಯಿಗೆ ಬಂದದ್ದು ಅದೇ ಮಾತು.

"ನಾನು ಬಿಡುವುದಿಲ್ಲ."

ಪೊನ್ನಪ್ಪನವರು ಲೋಟ ಕೆಳಗಿಟ್ಟರು. "ಜಾಗ ದೇವಸ್ಥಾನದ್ದು, ಅಮ್ಮ."

"ಜಾಗ ದೇವಸ್ಥಾನದ್ದು. ಗಿಡ ನಾನು ನೆಟ್ಟದ್ದು. ಹುಳ ಯಾರದ್ದೂ ಅಲ್ಲ."

ಅವರು ಎದ್ದು ಹೋದ ಮೇಲೆ ನಮ್ಮವರು ಜನಿವಾರ ಸರಿಮಾಡಿಕೊಂಡರು. ಸಿಟ್ಟು ಬಂದರೆ ಅವರು ಮೊದಲು ಮಾಡುವುದು ಅದು.

"ನಿನಗೆ ಎಂತ ಬೇಕು ಹೇಳು. ಹುಳ ಬೇಕಾ, ಮನೆ ಬೇಕಾ?"

"ಎರಡೂ ಬೇಕು."

"ತಮಾಷೆ ಅಲ್ಲ ಇದು. ನನಗಿಂತ ಮೊದಲು ಇದ್ದ ಭಟ್ಟರನ್ನು ಯಾಕೆ ಬಿಡಿಸಿದ್ದು ಗೊತ್ತುಂಟಲ್ಲ? ಗಂಟೆ ತಡವಾಗಿ ಹೊಡೆದದ್ದಕ್ಕೆ. ಹುಳ ತಿಂದ ಎಲೆ ದೇವರಿಗೆ ಇಡಬಾರದು. ಇದು ನಾನು ಮಾಡಿದ ನಿಯಮ ಅಲ್ಲ ಮಾರಾಯ್ತಿ."

"ಹುಳವನ್ನು ಕೊಂದು ತಂದ ಎಲೆ ಇಡಬಹುದು ಅಂತ ಎಲ್ಲಿ ಉಂಟು?"

"ಇಡಬಾರದು ಅಂತಲೂ ಇಲ್ಲ."

"ಹಾಗಾದರೆ ನಿಯಮ ಸುಮ್ಮನೆ ಕೂತಿದೆ. ನಾನು ಕೂರುವುದಿಲ್ಲ."

ಅವರು ಒಳಗೆ ಹೋದರು. ಆ ದಿನ ಊಟಕ್ಕೆ ಕೂತಾಗ ಉಪ್ಪು ಕೇಳಲೂ ಬಾಯಿ ಬಿಡಲಿಲ್ಲ, ಬೆರಳು ತೋರಿಸಿದರು.

ಶುಕ್ರವಾರ ನಾನು ಒಂದು ಕೆಲಸ ಮಾಡಿದೆ. ಯಾರೂ ಮಾಡದಿದ್ದ ಕೆಲಸ. ಮರದಲ್ಲಿ ಎಷ್ಟು ಎಲೆ ಇದೆ ಎಂದು ಎಣಿಸಿದೆ. ಸಂಜೆ ಕೆಲಸ ಮುಗಿಸಿ ಬಂದ ಲಿಂಗಿಯನ್ನು ತಡೆದೆ. ಅವಳು ಬೈದುಕೊಂಡೇ ಏಣಿ ಹಿಡಿದಳು, ಆಮೇಲೆ ನನ್ನನ್ನು ಇಳಿಸಿ ತಾನೇ ಹತ್ತಿದಳು. "ನೀವು ಮುಳ್ಳು ಚುಚ್ಚಿಸ್ಕೊಂಡ್ರೆ ಅದೂ ನನ್ನ ತಲೆಗೆ ಬರ್ತದೆ" ಎಂದಳು. ಅವಳು ಮೇಲಿನಿಂದ ಕೂಗುವುದು, ನಾನು ಕೆಳಗೆ ನೂರಕ್ಕೊಂದು ಹುಣಸೆಬೀಜ ಇಡುವುದು. ಮೂರು ದಳವೂ ಸರಿಯಿರುವ ಎಲೆ ಮಾತ್ರ ಲೆಕ್ಕಕ್ಕೆ. ನಾಲ್ಕು ಬೀಜ ಬಿತ್ತು, ಮೇಲೆ ಹನ್ನೆರಡು ಎಲೆ.

"ಇಷ್ಟೇನಾ ಅಮ್ಮಾ? ಸಾವಿರ ಅಂದ್ರಿ."

"ಇಷ್ಟೇ."

"ಎಲ್ಲ ಇವೇ ತಿಂದದ್ದಾ?"

ಅಲ್ಲ. ಹತ್ತೊಂಬತ್ತು ಹುಳ ಎಷ್ಟು ತಿನ್ನುತ್ತವೆ ಎಂದು ನನಗೆ ಗೊತ್ತಿತ್ತು. ಒಂದು ಹಸಿರು ಹುಳ, ದೊಡ್ಡದು, ದಿನಕ್ಕೆ ಎರಡು ಎಲೆ ತಿನ್ನುತ್ತದೆ, ಹಸಿವು ಜಾಸ್ತಿಯಾದರೆ ಮೂರು. ಹಿಕ್ಕೆಯ ಹಾಗಿರುವ ಸಣ್ಣವು ಅರ್ಧವನ್ನೂ ಮುಗಿಸುವುದಿಲ್ಲ. ನಾನು ಒಂದರ ಮುಂದೆ ಬೆಳಗಿನಿಂದ ಸಂಜೆಯವರೆಗೆ ಕೂತು ನೋಡಿದ್ದೇನೆ. ಈ ಸಲ ಮಳೆ ಬಿಡದೆ ಹೊಯ್ದು ಮರಕ್ಕೆ ಚಿಗುರೇ ಕಡಿಮೆ ಬಂದಿತ್ತು, ಹೋದ ವರ್ಷ ಅರ್ಚನೆಗೆ ಕೊಂಬೆ ಬೋಳಾಗುವಷ್ಟು ಕಿತ್ತದ್ದೂ ಇತ್ತು. ಹುಳ ಬರುವ ಮೊದಲೇ ಸಾವಿರ ಇರಲಿಲ್ಲ. ದೇವಸ್ಥಾನದ ಹೊರಜಗಲಿಯಲ್ಲಿ ಕೂತು ತೀರ್ಮಾನ ಮಾಡಿದವರಲ್ಲಿ ಒಬ್ಬರೂ ಬಂದು ಮರ ನೋಡಿರಲಿಲ್ಲ.

ಶನಿವಾರ ಹತ್ತು ಗಂಟೆಗೆ ಕರಿಬಸಪ್ಪ ಬಂದ. ಬೆನ್ನಿಗೆ ನೀಲಿ ಕ್ಯಾನ್, ಕೈಯಲ್ಲಿ ಕೊಳವೆ, ಮೂಗಿಗೆ ಟವೆಲ್. ಅವನು ಕುಶಾಲನಗರದ ಕಡೆಯವನು. ಹಾರಂಗಿ ಹೊಳೆಯ ಆಚೆ ಶುಂಠಿ ಹೊಲಗಳಲ್ಲಿ ವರ್ಷಗಟ್ಟಲೆ ಔಷಧಿ ಹೊಡೆದು, ಈಗ ಪೊನ್ನಪ್ಪನವರ ಎಸ್ಟೇಟಿನಲ್ಲಿದ್ದಾನೆ. ಒಳ್ಳೆಯ ಮನುಷ್ಯ. ಪ್ರತಿ ಸೋಮವಾರ ತಾಯಿಯನ್ನು ಕರೆದುಕೊಂಡು ದೇವಸ್ಥಾನಕ್ಕೆ ಬರುತ್ತಾನೆ.

ಬಿಲ್ವದ ಮರವನ್ನು ತಬ್ಬಿಕೊಂಡು ನಿಲ್ಲುವ ಹಾಗಿಲ್ಲ, ಮೈಯೆಲ್ಲ ಮುಳ್ಳು. ನಾನು ಮಣೆ ತಂದು ಬುಡದಲ್ಲಿ ಹಾಕಿ, ಹೂವಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಮಾಲೆ ಕಟ್ಟುತ್ತ ಕೂತಿದ್ದೆ.

"ಅಮ್ಮಾವ್ರೇ, ವಸಿ ಆಕಡೀಕ್ ಹೋಗಿ."

"ನೀನು ಹೊಡಿ. ನಾನು ಇಲ್ಲೇ ಇರ್ತೇನೆ."

"ಅದೆಂಗಾಯ್ತದೆ? ಮೈಮ್ಯಾಕ್ ಬೀಳ್ತದೆ."

"ಬೀಳಲಿ. ಬಿದ್ದರೆ ಎಂತ ಆಗ್ತದೆ?"

ಅವನು ಟವೆಲ್ ಕೆಳಗೆ ಸರಿಸಿದ. ಅದರೊಳಗಿನಿಂದ ಮಾತಾಡಿ ಮುಗಿಯುವ ವಿಷಯವಲ್ಲ ಎಂದು ಅವನಿಗೆ ಅನ್ನಿಸಿರಬೇಕು. "ತಲೆ ಸುತ್ತು ಬತ್ತದೆ. ವಾಂತಿ ಆಯ್ತದೆ. ನಂಗೇ ಎರಡ್ ಸಲ ಆಗೈತೆ. ಎದ್ದೇಳಿ ಅಮ್ಮಾವ್ರೇ, ಸಾಹುಕಾರ್ರು ಬೈತಾರೆ."

"ಏಳ್ತೇನೆ. ಒಂದು ಮಾತು ಹೇಳು. ಇದನ್ನು ತರಕಾರಿಗೆ ಹೊಡೆದರೆ ಎಷ್ಟು ದಿನಕ್ಕೆ ಕೀಳ್ತೀರಿ?"

"ಹದಿನೈದ್ ದಿನ ಮುಟ್ಟಂಗಿಲ್ಲ. ಡಬ್ಬಿ ಮ್ಯಾಗೇ ಬರ್ದೈತೆ. ಹೊಡ್ದಿದ್ ಹೊಲದ ಕಡೀಕೆ ನಾನು ನಮ್ ಹಸೂನೂ ಬಿಡಾಕಿಲ್ಲ."

"ಅರ್ಚನೆ ಯಾವತ್ತು?"

"ಸೋಮ್ವಾರ." ಅವನು ಬೆರಳು ಮಡಚಿದ. "ನಾಳೆ, ನಾಡಿದ್ದು."

"ಎಲೆ ಎಲ್ಲಿಗೆ ಹೋಗ್ತದೆ?"

"ದೇವ್ರ ತಲೆ ಮ್ಯಾಕೆ."

"ಆ ಎಲೆಯ ಮೇಲಿಂದ ಅಭಿಷೇಕದ ನೀರು ಇಳಿದು ಎಲ್ಲಿಗೆ ಬರ್ತದೆ?"

ಕರಿಬಸಪ್ಪ ತನ್ನ ಬಲ ಅಂಗೈಯನ್ನು ನೋಡಿಕೊಂಡ. ತೀರ್ಥಕ್ಕೆ ಕೈಯೊಡ್ಡುವಾಗ ಮಡಚುವ ಹಾಗೆ ಅದು ತಾನಾಗಿ ಮಡಚಿತ್ತು. ಆಮೇಲೆ ಎರಡೂ ಭುಜದಿಂದ ಪಟ್ಟಿ ಜಾರಿಸಿ ಕ್ಯಾನನ್ನು ನೆಲಕ್ಕಿಟ್ಟ.

"ಇದ್ನ ನಂಗ್ಯಾರೂ ಹೇಳ್ನಿಲ್ಲ. ನಮ್ಮವ್ವ ಮೂರು ಸಲ ತಕೋತಾಳೆ ತೀರ್ಥಾವ."

"ನನ್ನ ಜೊತೆ ದೇವಸ್ಥಾನಕ್ಕೆ ಬಾ."

"ನಾ ಬರಾಕಿಲ್ಲ. ನನ್ ಕೆಲ್ಸ ಹೋಯ್ತದೆ."

"ನೀನು ಬಾಯಿ ಬಿಡಬೇಡ. ಕ್ಯಾನ್ ಹೊತ್ತುಕೊಂಡು ನಿಂತರೆ ಸಾಕು. ಮಾತಾಡುವವಳು ನಾನು."

ಮಧ್ಯಾಹ್ನದ ಮಂಗಳಾರತಿ ಮುಗಿದು ಕಮಿಟಿಯವರು ಹೊರಜಗಲಿಯಲ್ಲಿ ಕೂತಿದ್ದರು. ಪೊನ್ನಪ್ಪನವರು ಕಂಬಕ್ಕೆ ಒರಗಿದ್ದರು. ಪಕ್ಕದಲ್ಲಿ ಬೆಳ್ಯಪ್ಪ, ಕಮಿಟಿಯಲ್ಲಿ ಎಲ್ಲದಕ್ಕೂ ನಗುವ ಮನುಷ್ಯ. ನಮ್ಮವರು ತೀರ್ಥದ ಪಾತ್ರೆ ಹಿಡಿದು ಒಬ್ಬೊಬ್ಬರ ಕೈಗೆ ಹಾಕುತ್ತಿದ್ದರು. ನಾನು ಮುಂದೆ, ಕ್ಯಾನ್ ಹೊತ್ತ ಕರಿಬಸಪ್ಪ ಹಿಂದೆ ಬರುವುದನ್ನು ಕಂಡು ಅವರ ಕೈಯಲ್ಲಿದ್ದ ಉದ್ಧರಣೆ ಅಲ್ಲೇ ನಿಂತಿತು.

"ಆಯ್ತಾ ಕರಿಬಸಪ್ಪ?" ಪೊನ್ನಪ್ಪನವರು ಕೇಳಿದರು.

ಕರಿಬಸಪ್ಪ ನನ್ನ ಸೆರಗಿನ ಕಡೆ ನೋಡಿದ.

ಬೆಳ್ಯಪ್ಪ ನಕ್ಕರು. "ಹುಳಕ್ಕೆ ಹೊಡಿ ಅಂದ್ರೆ ಹುಳದ ವಕೀಲ್ರನ್ನೇ ಕರ್ಕೊಂಡು ಬಂದ್ಯಲ್ಲ ಮಾರಾಯ."

"ಆಗಲಿಲ್ಲ ತಕ್ಕರೇ. ನಾನು ಬಿಡಲಿಲ್ಲ" ಎಂದೆ. "ಇದನ್ನು ಹೊಡೆದರೆ ಹದಿನೈದು ದಿನ ಆ ಎಲೆ ಮುಟ್ಟುವ ಹಾಗಿಲ್ಲ. ಡಬ್ಬಿಯ ಮೇಲೆ ಬರೆದದ್ದು, ನನ್ನ ಮಾತಲ್ಲ. ನೀವು ಮೂರನೇ ದಿನ ಅದನ್ನು ದೇವರ ಮೇಲೆ ಇಟ್ಟು, ಅದರ ಮೇಲಿಂದ ಇಳಿದ ನೀರನ್ನು ಊರಿಗೆ ತೀರ್ಥ ಅಂತ ಕುಡಿಸ್ತೀರಿ."

ಪೊನ್ನಪ್ಪನವರ ಅಂಗೈಯಲ್ಲಿ ಆಗತಾನೇ ಹಾಕಿಸಿಕೊಂಡ ತೀರ್ಥ ಇತ್ತು. ಅವರು ಅದನ್ನು ಕುಡಿಯಲೂ ಇಲ್ಲ, ಚೆಲ್ಲಲೂ ಇಲ್ಲ.

"ತೊಳೆದ್ರೆ ಹೋಗ್ತದೆ" ಎಂದರು ಕೊನೆಗೆ.

"ಆಗಲಿ. ತೊಳೆಯುವ. ಮೊದಲ ತೊಳೆದ ನೀರು ಒಂದು ಲೋಟ ನೀವು ಕುಡೀರಿ. ಎರಡನೆಯದ್ದು ನಾನು ಕುಡೀತೇನೆ. ಸಂಜೆಯವರೆಗೆ ಇಬ್ಬರೂ ಇಲ್ಲೇ ಕೂರುವ. ಏನೂ ಆಗದಿದ್ದರೆ ಮಕ್ಕಳು ಮುದುಕರಿಗೆಲ್ಲ ಕೊಡಬಹುದು."

"ಅನ್ನಪೂರ್ಣೇಶ್ವರಿ" ಎಂದರು ನಮ್ಮವರು. ಅವರು ನನ್ನನ್ನು ಪೂರ್ತಿ ಹೆಸರಿನಿಂದ ಕರೆದದ್ದು ಮದುವೆಯ ಮಂಟಪದಲ್ಲಿ ಒಮ್ಮೆ, ಅದು ಬಿಟ್ಟರೆ ಆವತ್ತು.

ನಾನು ತಿರುಗಲಿಲ್ಲ. ಅಮ್ಮತ್ತಿ ಸಂತೆಯಲ್ಲಿ ವಿಷ ಕುಡಿಸಿದ್ದು ಎಂದು ಓಡಾಡುತ್ತಿರುವುದು ಇದೇ ಮಾತು. ಲೋಟವೂ ಇರಲಿಲ್ಲ, ನೀರೂ ಇರಲಿಲ್ಲ. ಪೊನ್ನಪ್ಪನವರು ನನ್ನನ್ನೇ ನೋಡುತ್ತಿದ್ದರು.

ಅವರು ಅಂಗೈಯ ತೀರ್ಥ ಕುಡಿದು, ಕೈಯನ್ನು ತಲೆಗೆ ಒರೆಸಿಕೊಂಡರು. "ಔಷಧಿ ಬೇಡ" ಎಂದರು. "ಒಪ್ಪಿದೆ. ಈಗ ಹೇಳಿ, ಎಲೆ ಎಲ್ಲಿಂದ? ಸೋಮವಾರದವರೆಗೆ ನಿಮ್ಮ ಹುಳ ಎಲ್ಲ ತಿಂದಿಟ್ಟಿರ್ತವೆ."

"ಸೋಮವಾರದವರೆಗೆ ಅವು ತಿನ್ನುವುದು ಹೆಚ್ಚೆಂದರೆ ಎಪ್ಪತ್ತು ಎಲೆ. ದೊಡ್ಡ ಐದು ನಾಳೆಯಿಂದ ಬಾಯಿ ಮುಚ್ಚುತ್ತವೆ, ಕೋಶ ಕಟ್ಟುವ ಹೊತ್ತು. ಮರದಲ್ಲಿ ಇರುವುದೇ ನಾನೂರ ಹನ್ನೆರಡು. ನೀವು ಕ್ಯಾನ್ ಪೂರ್ತಿ ಖಾಲಿ ಮಾಡಿದರೂ ಅದು ಸಾವಿರ ಆಗುವುದಿಲ್ಲ."

"ಯಾರು ಎಣಿಸಿದ್ದು?"

"ನಾನು ಮತ್ತು ಲಿಂಗಿ."

"ಲಿಂಗಿ ಎಣಿಸಿದ್ಲಾ" ಎಂದು ಬೆಳ್ಯಪ್ಪ ಮತ್ತೆ ನಕ್ಕರು.

"ತಕ್ಕರ ತೋಟದ ಕಾಫಿ ಪಿಕ್ಕಿಂಗಿಗೆ ಹೋದಾಗ ಅವಳ ಕಣ್ಣು ಸರಿ ಉಂಟು, ನಮ್ಮ ಮರ ಹತ್ತಿದಾಗ ಸರಿ ಇಲ್ಲವಾ?" ಎಂದೆ. ಅವರು ನಗು ಅರ್ಧಕ್ಕೆ ನಿಲ್ಲಿಸಿದರು.

ಪೊನ್ನಪ್ಪನವರ ಮುಖ ಬಿದ್ದುಹೋಗಿತ್ತು. ನಾನೂರ ಹನ್ನೆರಡು ಎನ್ನುವ ಮಾತು ಅವರನ್ನು ನನ್ನ ಲೋಟದ ಮಾತಿಗಿಂತ ಗಟ್ಟಿಯಾಗಿ ತಾಗಿತು. ಅವರ ಅಪ್ಪನ ಕಾಲದ ಸಾವಿರದ ಎಂಟು ಈ ವರ್ಷ ಹೇಗೂ ಇಲ್ಲ, ಹುಳ ಇದ್ದರೂ ಇಲ್ಲ, ಸತ್ತರೂ ಇಲ್ಲ.

ಈಗ ನಾನು ನಮ್ಮವರ ಕಡೆ ತಿರುಗಿದೆ. ನನಗೆ ಬೇಕಾದ ಒಂದು ಮಾತು ಅವರ ಹತ್ತಿರ ಇತ್ತು. ಇಪ್ಪತ್ತಮೂರು ವರ್ಷ ಅಡುಗೆಮನೆಯಲ್ಲಿ ನಿಂತು, ಅವರು ಹುಡುಗರಿಗೆ ಪಾಠ ಹೇಳುವುದನ್ನು ಗೋಡೆಯ ಈಚೆಯಿಂದ ಕೇಳಿದ್ದೇನೆ. ಆ ಮಾತು ನನಗೂ ಬಾಯಿಪಾಠ. ನಾನೇ ಹೇಳಬಹುದಿತ್ತು. ಹೇಳಿದ್ದರೆ ಬೆಳ್ಯಪ್ಪನಿಗೆ ವರ್ಷವಿಡೀ ನಗಲು ಸಾಕಾಗುತ್ತಿತ್ತು, ಕೆಲಸ ಮಾತ್ರ ಆಗುತ್ತಿರಲಿಲ್ಲ. ಅದಕ್ಕೆ ಸುಮ್ಮನೆ ಅವರ ಮುಖ ನೋಡುತ್ತ ನಿಂತೆ. ಅವರು ಜನಿವಾರ ಸರಿಮಾಡಿಕೊಂಡರು. ಪಾತ್ರೆಯನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದರು. ನನ್ನ ಮೇಲೆ ಸಿಟ್ಟಿತ್ತು, ಅದು ಕಾಣುತ್ತಿತ್ತು. ಇವತ್ತು ಮಾತಾಡುವುದಿಲ್ಲ, ಇನ್ನೂ ಒಂದು ವಾರ ಉಪ್ಪಿಗೆ ಬೆರಳು ತೋರಿಸುತ್ತಾರೆ ಎಂದುಕೊಂಡೆ.

"ಬಿಲ್ವಕ್ಕೆ ನಿರ್ಮಾಲ್ಯದ ದೋಷ ಇಲ್ಲ" ಎಂದರು ನಮ್ಮವರು.

"ಎಂತ ಭಟ್ರೇ?" ಪೊನ್ನಪ್ಪನವರು ಕೇಳಿದರು.

"ಬೇರೆ ಹೂವು ಪತ್ರೆ ಒಮ್ಮೆ ದೇವರಿಗೆ ಇಟ್ಟರೆ ಮುಗಿಯಿತು, ಮತ್ತೆ ಇಡುವ ಹಾಗಿಲ್ಲ. ಬಿಲ್ವ ಹಾಗಲ್ಲ. ಇಟ್ಟ ಎಲೆಯನ್ನು ತೊಳೆದು ಮತ್ತೆ ಇಡಬಹುದು. ಎಷ್ಟು ಸಲ ಬೇಕಾದರೂ ಇಡಬಹುದು. ಶಾಸ್ತ್ರದಲ್ಲೇ ಉಂಟು." ಮನಸ್ಸಿನಲ್ಲೇ ಲೆಕ್ಕ ಹಾಕಿ ಅವರೇ ಸೇರಿಸಿದರು. "ಮುನ್ನೂರ ಮೂವತ್ತಾರು ಎಲೆ ಸಾಕು. ಮೂರು ಸುತ್ತು ಇಟ್ಟರೆ ಸಾವಿರದ ಎಂಟು ಆಗ್ತದೆ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನೀವು ಕೇಳಲಿಲ್ಲ. ಕೇಳದೆ ಹೇಳಿದರೆ ಭಟ್ಟರಿಗೆ ಎಲೆ ಕೊಯ್ಯಲು ಸೋಮಾರಿತನ ಅಂತ ಆಗ್ತದೆ."

ಒಪ್ಪಿಕೊಂಡರೆ ನಾನು ಗೆದ್ದ ಹಾಗೆ, ಅದು ಪೊನ್ನಪ್ಪನವರಿಗೆ ಕಷ್ಟ. ಅದಕ್ಕೊಂದು ದಾರಿ ಹುಡುಕಿದರು.

"ಊರಿನವ್ರು ಮಾತಾಡ್ತಾರೆ. ತೊಳೆಯುವ ಕೆಲಸ ಭಟ್ರಮ್ಮನವರೇ ಮಾಡ್ಲಿ. ಒಳಗೆ ಅಲ್ಲ, ಇಲ್ಲಿ ಅಂಗಳದಲ್ಲಿ, ಎಲ್ಲರ ಎದುರು. ಕೇಳುವವ್ರಿಗೆ ಉತ್ತರವೂ ಅವರೇ ಕೊಡ್ಲಿ."

ಶಿಕ್ಷೆ ಎಂದು ಕೊಟ್ಟದ್ದು. ನಾನು ಆಗಲಿ ಎಂದೆ.

ಸೋಮವಾರ ಬೆಳಿಗ್ಗೆ ನಾನೂ ಲಿಂಗಿಯೂ ಹುಳವಿದ್ದ ಕೊಂಬೆ ಬಿಟ್ಟು ಮುನ್ನೂರ ಮೂವತ್ತಾರು ಎಲೆ ಕೊಯ್ದೆವು. ಲಿಂಗಿ ಒಂದು ಹುಳವನ್ನು ಬೆರಳಿಂದ ಸ್ವಲ್ಪ ತಳ್ಳಿ ನೋಡಿದಳು. ಅದು ತಲೆಯ ಹಿಂದಿನಿಂದ ಕೆಂಪಗಿನ ಎರಡು ಕೊಂಬು ಚಾಚಿ, ಘಾಟು ವಾಸನೆ ಬಿಟ್ಟಿತು. "ನಿಮ್ಮ ಹಾಗೇ ಉಂಟು" ಎಂದಳು.

ಅರ್ಚನೆಗೆ ಅಂಗಳ ತುಂಬಿತ್ತು. ಮೊದಲ ಸುತ್ತು ಮುಗಿದು ಎಲೆಗಳು ಹಿತ್ತಾಳೆಯ ತಟ್ಟೆಯಲ್ಲಿ ಹೊರಗೆ ಬಂದವು. ನಾನು ಬಾವಿಕಟ್ಟೆಯ ಪಕ್ಕ ಕೂತು ಒಂದೊಂದನ್ನೇ ನೀರಿನಲ್ಲಿ ಅದ್ದಿ ತೆಗೆಯತೊಡಗಿದೆ. ಗುಸುಗುಸು ಶುರುವಾಯಿತು. ಇಟ್ಟದ್ದನ್ನೇ ಇಡ್ತಾರಂತೆ. ಭಟ್ಟರಮ್ಮ ಹುಳ ಸಾಕಿದ್ದಕ್ಕೆ ಹೀಗಾದದ್ದಂತೆ. ಮುದ್ದಿ ಎನ್ನುವ ಹಿರಿಯ ಹೆಂಗಸು ನೇರವಾಗಿ ಬಂದು ಎದುರಿಗೆ ನಿಂತಳು.

"ದೇವರಿಗೆ ಎಂಜಲು ಇಡ್ತೀಯಾ ಮಗಳೇ?"

"ಎಂಜಲಲ್ಲ ಅಜ್ಜಿ. ಬಿಲ್ವಕ್ಕೆ ಆ ದೋಷ ಇಲ್ಲ ಅಂತ ಶಾಸ್ತ್ರದಲ್ಲೇ ಉಂಟು. ಒಳಗೆ ಭಟ್ಟರನ್ನೇ ಕೇಳಿ."

"ಹುಳ ಕೊಂದಿದ್ರೆ ಮುಗೀತಿತ್ತಲ್ಲ."

"ಕೊಲ್ಲುವ ಔಷಧಿ ನಿಮ್ಮ ತೀರ್ಥಕ್ಕೆ ಬರ್ತಿತ್ತು. ಕರಿಬಸಪ್ಪನನ್ನು ಕೇಳಿ."

ಮುದ್ದಿಯಜ್ಜಿ ಭಟ್ಟರನ್ನು ಕೇಳಲಿಲ್ಲ, ಕರಿಬಸಪ್ಪನನ್ನು ಕೇಳಿದಳು. ಅವನು ಶನಿವಾರ ಬಾಯಿ ಬಿಡದೆ ನಿಂತದ್ದನ್ನೆಲ್ಲ ಸೇರಿಸಿ ಆವತ್ತು ಮಾತಾಡಿದ. ಹಸುವಿನ ಕತೆ ಹೇಳಿದ, ವಾಂತಿಯ ಕತೆ ಹೇಳಿದ, ಡಬ್ಬಿಯ ಮೇಲಿನ ಕೆಂಪು ಗುರುತನ್ನು ಗಾಳಿಯಲ್ಲಿ ಬರೆದು ತೋರಿಸಿದ. ಎರಡು ಮನೆಯವರು ತೀರ್ಥ ತೆಗೆದುಕೊಳ್ಳದೆ ಎದ್ದು ಹೋದರು. ಉಳಿದವರು ಕೂತರು. ಮೂರನೆಯ ಸುತ್ತಿಗೆ ಎಲೆ ಸ್ವಲ್ಪ ಬಾಡಿತ್ತು, ಸಾವಿರದ ಎಂಟನೆಯ ಹೆಸರಿಗೆ ಎಲೆ ಸರಿಯಾಗಿ ಮುಗಿಯಿತು. ಪೊನ್ನಪ್ಪನವರು ಕೊನೆಯವರೆಗೂ ನಿಂತೇ ಇದ್ದರು.

ಮರುದಿನ ಅವರು ಮನೆಗೆ ಬಂದರು. ಜಗಲಿ ಹತ್ತಲಿಲ್ಲ, ನೇರವಾಗಿ ಮರದ ಹತ್ತಿರ ಹೋಗಿ ಕೈ ಹಿಂದೆ ಕಟ್ಟಿಕೊಂಡು ನಿಂತರು. ನಾನು ಅವರಿಗೆ ಕೋಶ ತೋರಿಸಿದೆ. ಲೈಟು ಕಂಬ ಹತ್ತಿದ ಲೈನ್‌ಮ್ಯಾನ್ ಸೊಂಟಕ್ಕೆ ಬೆಲ್ಟು ಹಾಕಿ ಹಿಂದಕ್ಕೆ ವಾಲಿಕೊಂಡಿರುತ್ತಾನಲ್ಲ, ಹಾಗೆ ಒಂದು ನೂಲಿನ ಎಳೆಯಲ್ಲಿ ಕೊಂಬೆಗೆ ವಾಲಿಕೊಂಡಿತ್ತು. ಅವರು ನೋಡಿದರು. ಚೆನ್ನಾಗಿದೆ ಎನ್ನಲಿಲ್ಲ.

"ಡಬ್ಬಿ ಓದಿದೆ" ಎಂದರು. "ಹದಿನೈದು ದಿನವೇ. ಮುಂದಿನ ವರ್ಷ ಒಂದು ತಿಂಗಳು ಮೊದಲೇ ಹೊಡಿಸ್ತೇನೆ. ಆಗ ನೀವು ಎಂತ ಹೇಳ್ತೀರಿ ನೋಡ್ತೇನೆ."

"ಆಗಲೂ ಬಿಡುವುದಿಲ್ಲ ತಕ್ಕರೇ."

"ತೀರ್ಥದ ಮಾತು ಆಗ ನಡೆಯುವುದಿಲ್ಲ."

"ಬೇರೆ ಮಾತು ಹುಡುಕ್ತೇನೆ. ಒಂದು ವರ್ಷ ಉಂಟಲ್ಲ."

ಅವರಿಗೆ ನಗು ಬಂತೋ ಸಿಟ್ಟು ಬಂತೋ ಗೊತ್ತಾಗಲಿಲ್ಲ. "ಒಂದೇ ಮರ ಇಟ್ಕೊಂಡು ದೇವರಿಗೂ ಹುಳಕ್ಕೂ ಹೇಗೆ ಸಾಕಾಗ್ತದೆ ಅಮ್ಮ? ಅದನ್ನಾದ್ರೂ ಹೇಳಿ."

"ಒಂದೇ ಮರ ಯಾಕೆ ಇಟ್ಟುಕೊಳ್ಳಬೇಕು? ದೇವಸ್ಥಾನದ ಬೇಲಿಯ ಉದ್ದಕ್ಕೂ ಜಾಗ ಖಾಲಿ ಬಿದ್ದಿದೆ."

"ಅದಕ್ಕೆ ಕಮಿಟಿಯಲ್ಲಿ ಇಡ್ಬೇಕು. ಮೀಟಿಂಗು ಯುಗಾದಿ ಕಳೆದ ಮೇಲೆ" ಎಂದು ಹೇಳಿ ಅವರು ಹೊರಟುಹೋದರು.

ಮುಂದಿನ ಭಾನುವಾರ ಕರಿಬಸಪ್ಪ ಊರಿಗೆ ಹೋಗಿ ಬರುವಾಗ ಕುಶಾಲನಗರದ ನರ್ಸರಿಯಿಂದ ಎಂಟು ಬಿಲ್ವದ ಸಸಿ ತಂದ. ನಾನು ಹೇಳಿ ಕಳಿಸಿದ್ದು ನಾಲ್ಕು, ಮಿಕ್ಕ ನಾಲ್ಕು ಅವನ ಅವ್ವನ ಲೆಕ್ಕದ್ದಂತೆ. ಸೋಮವಾರ ಬೆಳಿಗ್ಗೆ ಲಿಂಗಿ ದೇವಸ್ಥಾನದ ಬೇಲಿಯ ಉದ್ದಕ್ಕೂ ಗುಂಡಿ ತೋಡಿದಳು. ಮತ್ತೆ ಎಸ್ಟೇಟಿಗೆ ತಡ, ಈ ಸಲ ರೈಟರಿಗೆ ಹೊಟ್ಟೆನೋವು ಎಂದು ಹೇಳುತ್ತಾಳಂತೆ. ನಮ್ಮವರು ಪೂಜೆ ಮುಗಿಸಿ ಬಂದು, ಏನೂ ಕೇಳದೆ, ಬಾವಿಯಿಂದ ಕೊಡಪಾನ ಹೊತ್ತು ತಂದು ಎಂಟಕ್ಕೂ ನೀರು ಹೊಯ್ದರು.

"ಕಮಿಟಿಗೆ ಎಂತ ಹೇಳುವುದು?" ಎಂದು ಆಮೇಲೆ ಕೇಳಿದರು.

"ನೆಟ್ಟಾಗಿದೆ ಅಂತ ಹೇಳಿ" ಎಂದೆ.